ಮ್ಯಾಫ್ಟ್: ಸಸ್ಯ ವೈರಸ್ ಜೀನೋಮ್ ಹೋಲಿಕೆಯಲ್ಲಿ ವರ್ಷಗಳ ಬಳಕೆಯ ನಂತರ

ಜೀನೋಮ್ ಸೀಕ್ವೆನ್ಸ್‌ಗಳನ್ನು (ಅಕ್ಷರಸಾಲುಗಳನ್ನು) ಒಂದರ ಕೆಳಗೊಂದು ಹೊಂದಿಸಿ ಜೋಡಿಸುವ, ಅಂದರೆ ಅಲೈನ್‌ಮೆಂಟ್ ಮಾಡುವ, ಮ್ಯಾಫ್ಟ್ ತಂತ್ರಾಂಶಕ್ಕೆ ಐದಕ್ಕೆ ನಾಲ್ಕೂವರೆ. ಸುಮಾರು 10,000 ನ್ಯೂಕ್ಲಿಯೋಟೈಡ್ ಉದ್ದದ ಕೆಲವು ಡಜನ್ ಪಾಟಿವೈರಸ್ (ಸಸ್ಯ ವೈರಸ್‌ಗಳ ಒಂದು ಗುಂಪು) ಜೀನೋಮ್‌ಗಳ ಅಲೈನ್‌ಮೆಂಟ್‌ಗೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ತಂತ್ರಾಂಶ ಉಚಿತ. 200ಕ್ಕಿಂತ ಕಡಿಮೆ ಸೀಕ್ವೆನ್ಸ್‌ಗಳಿದ್ದರೆ ವಿಧಾನವನ್ನು ತಾನೇ ಆರಿಸುವ ಆಟೋ ಬಿಟ್ಟು ಹೆಚ್ಚು ನಿಖರವಾದ ಎಲ್-ಇನ್ಸ್-ಐ ವಿಧಾನ ಹಾಕಿ. ನಿಧಾನವಾದರೂ ಪಿ1 ಪ್ರೋಟೀನಿನ ಪ್ರದೇಶದಂಥ ಏರುಪೇರಿನ ಜಾಗದಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಒಂದೇ ಕೊರತೆ: ಕೆಟ್ಟ ಸೀಕ್ವೆನ್ಸ್ ಕೊಟ್ಟರೂ ಮ್ಯಾಫ್ಟ್ ತಕರಾರಿಲ್ಲದೆ ಜೋಡಿಸಿಬಿಡುತ್ತದೆ.

ರೀಡ್‌ಗಳನ್ನು (ಸೀಕ್ವೆನ್ಸಿಂಗ್ ಯಂತ್ರ ಓದಿದ ತುಣುಕುಗಳನ್ನು) ಕೂಡಿಸುವ ಅಸೆಂಬ್ಲಿಯಿಂದ ಬಂದ ಕಾಂಟಿಗ್‌ಗಳಲ್ಲಿ (ಉದ್ದ ತುಣುಕುಗಳಲ್ಲಿ) ಹಲವು ತಿರುಗುಮುರುಗಾಗಿರುತ್ತವೆ. ಅಡ್ಜಸ್ಟ್‌ಡೈರೆಕ್ಷನ್ ಆಯ್ಕೆ ಅವನ್ನು ಸರಿಪಡಿಸುತ್ತದೆ, ಆದರೆ ತಿರುಗಿಸಿದ ಹೆಸರಿನ ಮುಂದೆ ಆರ್ ಗುರುತು ಅಂಟಿಸುತ್ತದೆ. ಅದನ್ನು ತೆಗೆಯದಿದ್ದರೆ ಮುಂದಿನ ಹಂತಗಳಲ್ಲಿ ಹೆಸರುಗಳು ಹೊಂದುವುದಿಲ್ಲ.

ನ್ಯೂಕ್ಲಿಯೋಟೈಡ್‌ಗಳನ್ನೇ ನೇರವಾಗಿ ಜೋಡಿಸಿದರೆ ಗ್ಯಾಪ್‌ಗಳು (ಹೊಂದಿಕೆಗಾಗಿ ಬಿಟ್ಟ ಖಾಲಿ ಜಾಗಗಳು) ಕೋಡಾನ್‌ನ, ಅಂದರೆ ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರದ, ಒಳಗೇ ಬೀಳುತ್ತವೆ. ಪಾಲಿಪ್ರೋಟೀನನ್ನು (ಆಮೇಲೆ ತುಂಡಾಗಿ ಹಲವು ಪ್ರೋಟೀನ್‌ಗಳಾಗುವ ಉದ್ದ ಸರಪಳಿ) ಅನುವಾದಿಸಿ, ಅಮೈನೋ ಆಮ್ಲದ ಮಟ್ಟದಲ್ಲಿ ಜೋಡಿಸಿ, ಪಾಲ್‌ಟುನಾಲ್ ತಂತ್ರಾಂಶದಿಂದ ಮತ್ತೆ ಕೋಡಾನ್‌ಗೆ ತನ್ನಿ. ಪಪ್ಪಾಯ ರಿಂಗ್‌ಸ್ಪಾಟ್ ವೈರಸ್ಸಿನ 10,326 ನ್ಯೂಕ್ಲಿಯೋಟೈಡ್‌ಗಳ ಜೀನೋಮ್ 3,344 ಅಮೈನೋ ಆಮ್ಲಗಳ ಒಂದೇ ಪಾಲಿಪ್ರೋಟೀನ್ ಕೊಡುತ್ತದೆ. ನಡುವೆ ಸ್ಟಾಪ್ ಕೋಡಾನ್ (ಪ್ರೋಟೀನ್ ಅಲ್ಲಿಗೆ ನಿಲ್ಲಿಸುವ ಗುರುತು) ಕಂಡರೆ ಮೊದಲು ಅನುಮಾನಿಸಬೇಕಾದ್ದು ರೀಡ್‌ಗಳನ್ನು. ಪಿಪೋ ಎಂಬ ಪುಟ್ಟ ಜೀನಿಗೆ ದಾರಿಮಾಡುವ ಜಿ-ಎಎಎಎಎಎ ತುಣುಕಿನಲ್ಲಿ ಆರು 'ಎ' ಸಾಲಾಗಿವೆ. ನ್ಯಾನೋಪೋರ್ ಸೀಕ್ವೆನ್ಸಿಂಗ್‌ನ ರೀಡ್‌ಗಳು ಎಡವುವುದು ಇಂಥ ಕಡೆಯೇ. ವೈರಸ್ಸಿನ ಆರ್‌ಎನ್‌ಎ ಪ್ರತಿ ಮಾಡುವ ಪಾಲಿಮರೇಸ್ ಜಾರಿ ಕೆಲವು ಆರ್‌ಎನ್‌ಎಗಳಲ್ಲಿ ಏಳನೆಯ 'ಎ' ಸೇರುವುದು ಸಹಜ, ಕಾನ್ಸೆನ್ಸಸ್‌ನಲ್ಲಿ (ಬಹುಪಾಲು ರೀಡ್‌ಗಳು ಒಪ್ಪುವ ಸೀಕ್ವೆನ್ಸ್‌ನಲ್ಲಿ) ಮಾತ್ರ ಆರೇ ಇರಬೇಕು.

ಕವರೇಜ್ ಇಲ್ಲದ (ಯಾವ ರೀಡೂ ತಲುಪದ) ಜಾಗಕ್ಕೆ 'ಎನ್' (ಗೊತ್ತಿಲ್ಲದ ಅಕ್ಷರ) ಹಾಕಿ. ರೆಫರೆನ್ಸ್‌ನ (ಮಾದರಿ ಜೀನೋಮಿನ) ಅಕ್ಷರಗಳನ್ನು ತುಂಬಿದರೆ ಇಲ್ಲದ ಹೋಲಿಕೆ ಹುಟ್ಟುತ್ತದೆ. ಪ್ರೈಮರ್‌ನಿಂದ (ಪಿಸಿಆರ್‌ಗೆ ಬಳಸುವ ಕಿರು ಡಿಎನ್‌ಎ ತುಣುಕಿನಿಂದ) ಬಂದ ತುದಿಗಳನ್ನೂ ಕತ್ತರಿಸಿ, ಅವು ಪ್ರೈಮರ್‌ನ ಅಕ್ಷರಗಳೇ ಹೊರತು ವೈರಸ್ಸಿನವಲ್ಲ.

ಹೊಸ ಐಸೊಲೇಟನ್ನು (ಬೇರೆ ಮಾದರಿಯಿಂದ ಪಡೆದ ವೈರಸ್ಸನ್ನು) ಹಳೆಯ ಅಲೈನ್‌ಮೆಂಟ್‌ಗೆ ಸೇರಿಸಲು ಆ್ಯಡ್ ಮತ್ತು ಕೀಪ್‌ಲೆಂತ್ ಆಯ್ಕೆಗಳ ಜೋಡಿ ಅನುಕೂಲ. ಆದರೆ ಕೀಪ್‌ಲೆಂತ್ ಹೊಸ ಸೀಕ್ವೆನ್ಸ್‌ನ ಹೆಚ್ಚುವರಿ ತುಣುಕುಗಳನ್ನು ಅಳಿಸುತ್ತದೆ. ಸ್ಥಾನಸಂಖ್ಯೆಗೆ ಅದನ್ನು ಬಳಸಬಹುದು, ಶೇಕಡಾ ಹೋಲಿಕೆ ಲೆಕ್ಕಕ್ಕೆ ಬೇಡ. ಪಾಟಿವೈರಸ್‌ಗಳಲ್ಲಿ ಪೂರ್ಣ ಓಆರ್‌ಎಫ್‌ನ (ಪ್ರೋಟೀನ್ ಸೂಚಿಸುವ ಭಾಗದ) ನ್ಯೂಕ್ಲಿಯೋಟೈಡ್ ಹೋಲಿಕೆ 76%ಕ್ಕಿಂತ ಕೆಳಗಿಳಿದರೆ ಬೇರೆ ಪ್ರಭೇದವೆಂದು ಎಣಿಸುತ್ತಾರೆ. ಗಡಿಯ ಹತ್ತಿರದ ಸಂಖ್ಯೆ ಬಂದಾಗ ಗ್ಯಾಪ್‌ಗಳನ್ನು ಎಣಿಸಿದ್ದೀರೋ ಬಿಟ್ಟಿದ್ದೀರೋ ಎಂಬುದೇ ತೀರ್ಪನ್ನು ಬದಲಿಸಬಹುದು, ಹಾಗಾಗಿ ವರದಿಯಲ್ಲಿ ಅದನ್ನು ಬರೆಯಿರಿ. ಹೋಲಿಕೆ ಲೆಕ್ಕಹಾಕುವ ಎಸ್‌ಡಿಟಿ ತಂತ್ರಾಂಶ ಪ್ರತಿ ಜೋಡಿಯನ್ನೂ ಬೇರೆಯಾಗಿಯೇ ಜೋಡಿಸಿ ಗ್ಯಾಪ್ ಬಿಟ್ಟು ಎಣಿಸುವುದರಿಂದ ಮ್ಯಾಫ್ಟ್‌ನ ಬಹುಜೋಡಣೆಯಿಂದ ತೆಗೆದ ಸಂಖ್ಯೆಗೂ ಅದರ ಸಂಖ್ಯೆಗೂ ವ್ಯತ್ಯಾಸ ಬರಬಹುದು.

ಸೌತೆ ಮೊಸಾಯಿಕ್ ವೈರಸ್ಸಿನ ಜೀನೋಮ್ ಮೂರು ಆರ್‌ಎನ್‌ಎ ತುಣುಕುಗಳಲ್ಲಿದೆ; ಅವನ್ನು ಒಂದಾಗಿ ಹೊಲಿದು ಕೊಡಬೇಡಿ. ಪ್ರತಿಯೊಂದಕ್ಕೂ ಬೇರೆ ಅಲೈನ್‌ಮೆಂಟ್, ಬೇರೆ ವಂಶವೃಕ್ಷ ಮಾಡಿದರೆ ಮಾತ್ರ ವೈರಸ್‌ಗಳ ನಡುವಿನ ತುಣುಕುಗಳ ಅದಲುಬದಲು ಕಣ್ಣಿಗೆ ಬೀಳುತ್ತದೆ.