ಸವತೆ ಹೊಲಕ್ಕೆ ತಂದ ಜೇನುಪೆಟ್ಟಿಗೆ: ಮರ ಗಟ್ಟಿ, ಮಾತು ಸಡಿಲು

ರಾಣೆಬೆನ್ನೂರಿನ ಅಂಗಡಿಯೊಂದರಿಂದ ತುಡುವೆ ಜೇನಿನ ಎರಡು ಪೆಟ್ಟಿಗೆ ತಂದೆ. ಒಳಗಿನ ಜೇನುಹುಳುಗಳ ಕುಟುಂಬ ಸಮೇತ ಒಂದಕ್ಕೆ 4,500 ರೂಪಾಯಿ. ಅಂಗಡಿಯವರು ಜೇನುತುಪ್ಪದ ಆಸೆ ತೋರಿಸಿ ಮಾರುತ್ತಾರೆ. ನನಗೆ ಬೇಕಿದ್ದದ್ದು ತುಪ್ಪವಲ್ಲ, ಅರ್ಧ ಎಕರೆ ಸವತೆಗೆ ಪರಾಗ ಹೊರುವ ಆಳು.

ಪೆಟ್ಟಿಗೆಯ ಹಲಗೆ ಚೆನ್ನಾಗಿ ಒಣಗಿದೆ, ಸಂದುಗಳು ಬಿಗಿ, ಚೌಕಟ್ಟುಗಳು ಎತ್ತುವಾಗ ಸಿಕ್ಕಿಕೊಳ್ಳುವುದಿಲ್ಲ. ಮುಚ್ಚಳ ತೆಗೆಸಿ, ಮೊಟ್ಟೆ, ಮರಿಹುಳು ಕಂಡ ಮೇಲೆಯೇ ದುಡ್ಡು ಎಣಿಸಿದೆ. ನೀವೂ ಹಾಗೆಯೇ ಮಾಡಿ. ಸ್ಟ್ಯಾಂಡು ಮಾತ್ರ ಕಳಪೆ. ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲೂ ಕೊಟ್ಟಿಲ್ಲ. ತೆಂಗಿನ ಚಿಪ್ಪಿನಲ್ಲಿ ನೀರು ತುಂಬಿಟ್ಟೆ.

ಇನ್ನು ಕೆಲಸ. ಸವತೆ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಬೆಳಿಗ್ಗೆ ಅರಳಿದ ಹೆಣ್ಣು ಹೂವಿಗೆ ಅದೊಂದೇ ದಿನದ ಅವಕಾಶ. ಜೇನು ಒಮ್ಮೆ ಬಂದು ಹೋದರೆ ಸಾಲದು, ಮತ್ತೆ ಮತ್ತೆ ಬರಬೇಕು. ಪರಾಗ ಸಾಲದಿದ್ದರೆ ಬೀಜ ಸರಿಯಾಗಿ ಕಟ್ಟುವುದಿಲ್ಲ, ಬೀಜ ಕಟ್ಟದ ಕಡೆ ತಿರುಳು ತುಂಬುವುದಿಲ್ಲ. ಕಾಯಿ ಕುಡುಗೋಲಿನಂತೆ ಬಾಗುತ್ತದೆ. ಅಂಥದ್ದನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಪೆಟ್ಟಿಗೆ ಇಟ್ಟ ಹಂಗಾಮಿನಲ್ಲಿ ಸೊಟ್ಟ ಕಾಯಿ ಎದ್ದು ಕಾಣುವಷ್ಟು ಕಡಿಮೆಯಾದವು. ತುಪ್ಪ ಅಷ್ಟಕ್ಕಷ್ಟೆ. ನಮ್ಮ ಅವ್ವನ ಲೆಕ್ಕದಲ್ಲಿ ಇಡೀ ವ್ಯವಹಾರವೇ ನಷ್ಟ.

ನನ್ನ ಲೆಕ್ಕ ಬೇರೆ. ಹೈಬ್ರಿಡ್ ಬೀಜ ಬೆಳೆಸುವ ಸೀಡ್ಸ್ ಪ್ಲಾಟುಗಳಲ್ಲಿ ಕ್ರಾಸಿಂಗ್, ಅಂದರೆ ಕೈಯಿಂದಲೇ ಪರಾಗ ಸೇರಿಸುವ ಕೆಲಸ, ಮಾಡುವ ಹೆಣ್ಣುಮಕ್ಕಳ ತಂಡವನ್ನು ನೋಡಿಕೊಳ್ಳುವವಳು ನಾನು. ಒಂದೊಂದು ಹೆಣ್ಣು ಮೊಗ್ಗಿಗೂ ಕಾಗದ ತೊಡಿಸಬೇಕು, ಅರಳಿದಾಗ ಬಿಚ್ಚಿ ಗಂಡು ಹೂವಿನ ಪರಾಗ ಸವರಬೇಕು, ಮತ್ತೆ ಮುಚ್ಚಬೇಕು. ಬಗ್ಗಿದ ಸೊಂಟ ನೆಟ್ಟಗಾಗಲು ಬುತ್ತಿ ಬಿಚ್ಚುವ ಹೊತ್ತು ಬರಬೇಕು. ಜೇನಿನ ಕೆಲಸವನ್ನು ಮನುಷ್ಯರಿಂದ ಮಾಡಿಸಿದರೆ ಕೂಲಿ ಎಷ್ಟಾಗುತ್ತದೆ ಎಂಬುದು ಗೊತ್ತಿರುವುದರಿಂದ 9,000 ರೂಪಾಯಿ ದುಬಾರಿ ಎನಿಸಲಿಲ್ಲ.

ಆದರೆ ಅಲ್ಲಿ ಕಾಗದ ಮುಚ್ಚುವುದೇ ಜೇನು ಬಾರದಿರಲಿ ಎಂದು. ಬೇರೆ ತಳಿಯ ಪರಾಗ ಸೋಕಿದರೆ ಬೀಜ ಕೆಟ್ಟಂತೆ. ಪಕ್ಕದಲ್ಲಿ ಸೀಡ್ಸ್ ಪ್ಲಾಟು ಇದೆಯೇ ಎಂದು ಅಂಗಡಿಯವರು ಕೇಳಲೇ ಇಲ್ಲ. ಸೀಡ್ಸ್ ಪ್ಲಾಟುಗಳು ಹೆಚ್ಚಿರುವ ಈ ತಾಲ್ಲೂಕಿನಲ್ಲಿ ಅದು ಮೊದಲ ಪ್ರಶ್ನೆಯಾಗಬೇಕಿತ್ತು.

ಕರಪತ್ರವಂತೂ ನಗು ತರಿಸುತ್ತದೆ. ಎಲ್ಲ ಬೆಳೆಗೂ ಇಳುವರಿ ಹೆಚ್ಚುತ್ತದೆಯಂತೆ, ಮೇಲೊಂದು ಗೋವಿನಜೋಳದ ತೆನೆಯ ಚಿತ್ರ! ಗೋವಿನಜೋಳಕ್ಕೆ ಗಾಳಿಯೇ ಸಾಕು. ಬದನೆಗೂ ಈ ಪೆಟ್ಟಿಗೆಯನ್ನು ನೆಚ್ಚಬೇಡಿ. ಬದನೆಯ ಪರಾಗ ಕೊಳವೆಯಂಥ ಕೇಸರದೊಳಗಿರುತ್ತದೆ. ತುದಿಯ ಸಣ್ಣ ರಂಧ್ರದಿಂದ ಅದು ಉದುರಲು ಹೂವನ್ನು ಹಿಡಿದು ಗಡಗಡ ನಡುಗಿಸಬೇಕು. ತುಡುವೆಗೆ ಆ ವಿದ್ಯೆ ಬಾರದು. ಒಣಮರ ಕೊರೆದು ಗೂಡು ಮಾಡುವ ದೊಡ್ಡ ಕರಿ ದುಂಬಿಗೆ ಬರುತ್ತದೆ, ಅದನ್ನು ಯಾರೂ ಮಾರುವುದಿಲ್ಲ. ಬದುವಿನ ಒಣ ಕೊಂಬೆಗಳನ್ನೆಲ್ಲ ಒಲೆಗೆ ಹಾಕದೆ ಒಂದಿಷ್ಟು ಉಳಿಸಿ. ಸೂರ್ಯಕಾಂತಿ, ಕುಂಬಳ, ಕಲ್ಲಂಗಡಿ, ಬೀಜಕ್ಕೆಂದು ಈರುಳ್ಳಿ ಬೆಳೆಯುವವರು ಪೆಟ್ಟಿಗೆಯನ್ನು ಧಾರಾಳವಾಗಿ ಕೊಳ್ಳಬಹುದು.

ಮಾರಿದ ಮೇಲೆ ಅಂಗಡಿಯವರು ಫೋನ್ ಎತ್ತುವುದು ಅಪರೂಪ. ಮರಿಹುಳುಗಳನ್ನು ಚೀಲದಂತಾಗಿಸಿ ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ 1990ರ ದಶಕದ ಆರಂಭದಲ್ಲಿ ಕರ್ನಾಟಕದ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿತ್ತು. ಜೀವ ಮಾರುವವರು ಇಂಥದ್ದರ ಬಗ್ಗೆ ಒಂದು ಮಾತಾದರೂ ಹೇಳಬೇಡವೇ?

ಪೆಟ್ಟಿಗೆಗೆ ಐದಕ್ಕೆ ನಾಲ್ಕು, ಅಂಗಡಿಗೆ ಎರಡು. ಎದುರು ಹೊಲದ ಕಾಕಾ ಕೀಟದ ಔಷಧಿಯನ್ನು ಬೆಳಿಗ್ಗೆಯ ಬದಲು ಸಂಜೆ, ಜೇನು ಗೂಡು ಸೇರಿದ ಮೇಲೆ, ಹೊಡೆಯಲು ಒಪ್ಪಿದ್ದಾರೆ. ಮುಂದಿನ ಹಂಗಾಮಿಗೆ ಇನ್ನೊಂದು ಪೆಟ್ಟಿಗೆ ತರುತ್ತೇನೆ, ಸ್ಟ್ಯಾಂಡು ಬಿಟ್ಟು.