ಡಿಎಸ್‌ಪಿ ಪೇಪರಿಗೆ ಜೆರಾಕ್ಸ್ ನೋಟ್ಸೋ, ವಿಡಿಯೊನೋ, ದಪ್ಪ ಪುಸ್ತಕನೋ, ಆಕ್ಟೇವ್ ಸಾಫ್ಟ್‌ವೇರೋ? ನಾಲ್ಕನ್ನೂ ಹಿಡಿದು ನೋಡಿದವನ ಮಾತು

ವಿಜಯಪುರದಲ್ಲಿ ಇಲೆಕ್ಟ್ರಾನಿಕ್ಸ್ ಓದುವಾಗ ನನಗೆ ಒಂದೇ ಒಂದು ಬ್ಯಾಕ್, ಅಂದರೆ ಫೇಲಾದ ಪೇಪರು, ಉಳಿದಿತ್ತು, ಅದು ಡಿಎಸ್‌ಪಿ. ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಅಂತ ಪೂರ್ತಿ ಹೆಸರು ಹೇಳುವುದು ಸರ್ ಒಬ್ಬರೇ. ಶಬ್ದದಂಥ ಸಿಗ್ನಲನ್ನು ಸಂಖ್ಯೆಗಳಾಗಿ ಮಾಡಿ ಲೆಕ್ಕ ಹಾಕುವ ವಿಷಯ ಇದು. ಇಂಡಿ ತಾಲ್ಲೂಕಿನ ಹಳ್ಳಿಯಲ್ಲಿ ಹತ್ತನೇ ತನಕ ಕನ್ನಡ ಮೀಡಿಯಂ ಓದಿ ಬಂದವನು ನಾನು. ಎರಡು ಸಲ ಪರೀಕ್ಷೆ ಕಟ್ಟಿದ್ದರಿಂದ ಈ ಪೇಪರನ್ನು ಎರಡು ಸಲ ಬೇರೆ ಬೇರೆ ರೀತಿಯಲ್ಲಿ ಓದಬೇಕಾಯಿತು. ಈಗ ಜೂನಿಯರ್ಸ್ ಸಿಕ್ಕಾಗಲೆಲ್ಲ "ಅಣ್ಣಾ, ಡಿಎಸ್‌ಪಿಗೆ ಏನ್ ಓದ್ಲಿ?" ಅನ್ನುತ್ತಾರೆ. ಹೇಳಿ ಹೇಳಿ ಸಾಕಾಗಿ ಬರೆಯಲು ಕೂತೆ.

ಮೊದಲ ಸಲ ನಾನು ನಂಬಿದ್ದು ಕಾಲೇಜಿನ ಎದುರು ಸಿಗುವ ಜೆರಾಕ್ಸ್ ನೋಟ್ಸನ್ನು. ಸ್ಪೈರಲ್ ಬೈಂಡಿಂಗ್ ಹಾಕಿದ ಒಂದು ಕಟ್ಟು, ಅದರಲ್ಲಿ ಹಳೇ ಪ್ರಶ್ನೆಪತ್ರಿಕೆಗಳ ಉತ್ತರ. ಇದನ್ನು ಹೀಯಾಳಿಸುವವರಿದ್ದಾರೆ, ನಾನು ಹೀಯಾಳಿಸಲಾರೆ. ನಮ್ಮ ಯೂನಿವರ್ಸಿಟಿ ವಿಟಿಯುನ ಪೇಪರಿನಲ್ಲಿ ಐದು ಮಾಡ್ಯೂಲು, ಒಂದೊಂದರಲ್ಲಿ ಎರಡು ಪೂರ್ತಿ ಪ್ರಶ್ನೆ, ಅದರಲ್ಲಿ ಒಂದನ್ನು ಬರೆದರೆ 20 ಅಂಕ. ಎಂಟು ಪಾಯಿಂಟಿನ ಎಫ್‌ಎಫ್‌ಟಿ (ಸಿಗ್ನಲಿನಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ಬೇಗ ತೆಗೆಯುವ ಲೆಕ್ಕ) ಬಿಡಿಸುವ ಪ್ರಶ್ನೆ ನಾನು ತಿರುವಿದ ಹಳೇ ಪತ್ರಿಕೆಗಳಲ್ಲೆಲ್ಲ ಒಂದಲ್ಲ ಒಂದು ವೇಷದಲ್ಲಿ ಇತ್ತು. ಇಂಥದ್ದಕ್ಕೆ ಕೈ ರೂಢಿಯಾಗಲು ನೋಟ್ಸೇ ಬೇಕು.

ತೊಂದರೆ ಬೇರೆ ಕಡೆ ಇದೆ. ನಮ್ಮ ಕೈಗೆ ಬಂದದ್ದು ಜೆರಾಕ್ಸಿನ ಜೆರಾಕ್ಸು. ಎಫ್‌ಎಫ್‌ಟಿ ಲೆಕ್ಕದ ಹೆಜ್ಜೆ ತೋರಿಸುವ ಬಟರ್‌ಫ್ಲೈ ಚಿತ್ರದಲ್ಲಿ ಡಬ್ಲ್ಯೂ ಎಂಬ ಒಂದು ಗುಣಕದ ಬೆಲೆ 0.707 ಮೈನಸ್ ಜೆ 0.707 ಇರಬೇಕು (ಜೆ ಅಂದರೆ ಮೈನಸ್ ಒಂದರ ವರ್ಗಮೂಲ). ಆ ಸಣ್ಣ ಮೈನಸ್ ಗೆರೆ ಮಷೀನಿನಲ್ಲಿ ಅಳಿಸಿಹೋಗಿತ್ತು. ನಾನು ಪ್ಲಸ್ ಅಂದುಕೊಂಡೆ. ಹಿಂದಿನ ಬೆಂಚಿನವನೂ ಪ್ಲಸ್ ಅಂದುಕೊಂಡಿದ್ದ. ಇಂಟರ್ನಲ್ಸ್‌ನಲ್ಲಿ ಎಷ್ಟೋ ಮಂದಿಯ ತಪ್ಪು ಒಂದೇ ಜಾಗದಲ್ಲಿ, ಒಂದೇ ರೀತಿ. ಕಾಪಿ ಹೊಡೆದಿದ್ದೇವೆ ಅಂತ ಸರ್ ಬೈದರು. ಹೊಡೆದಿದ್ದು ಹೌದು, ಆದರೆ ಒಬ್ಬರದ್ದನ್ನೊಬ್ಬರು ಅಲ್ಲ.

ನೋಟ್ಸಿನಲ್ಲಿ ಉತ್ತರ ಇರುತ್ತದೆ, ಉತ್ತರ ಸರಿಯೋ ತಪ್ಪೋ ನೋಡುವ ಉಪಾಯ ಇರುವುದಿಲ್ಲ. ಉಪಾಯ ಮಾತ್ರ ಎರಡೇ ಸಾಲಿನದ್ದು. ಕೊಟ್ಟ ಸಂಖ್ಯೆಗಳನ್ನೆಲ್ಲ ಕೂಡಿದರೆ ಉತ್ತರದ ಮೊದಲ ಸಂಖ್ಯೆ, ಅಂದರೆ ಎಕ್ಸ್ ಸೊನ್ನೆ ಅನ್ನುವುದು, ಬರಬೇಕು. ಸಂಖ್ಯೆಗಳು ರಿಯಲ್ ಇದ್ದರೆ ಎಕ್ಸ್ ಒಂದು ಮತ್ತು ಎಕ್ಸ್ ಏಳು ಒಂದಕ್ಕೊಂದು ಕಾಂಜುಗೇಟ್ (ಜೆ ಮುಂದಿನ ಚಿಹ್ನೆ ಮಾತ್ರ ಉಲ್ಟಾ) ಆಗಿರಬೇಕು, ಹಾಗೇ ಎರಡಕ್ಕೆ ಆರು, ಮೂರಕ್ಕೆ ಐದು. 1, 2, 3, 4 ಕೊಟ್ಟರೆ ನಾಲ್ಕು ಪಾಯಿಂಟಿನ ಉತ್ತರ 10, ಮೈನಸ್ 2 ಪ್ಲಸ್ ಜೆ 2, ಮೈನಸ್ 2, ಮೈನಸ್ 2 ಮೈನಸ್ ಜೆ 2. ಮೊದಲನೆಯದು ನಾಲ್ಕರ ಮೊತ್ತ, ಎರಡನೆಯದು ಮತ್ತು ಕೊನೆಯದು ಜೋಡಿ. ಇಷ್ಟು ಗೊತ್ತಿದ್ದಿದ್ದರೆ ಆ ದಿನ ಪರೀಕ್ಷೆಯಲ್ಲೇ ತಪ್ಪು ಹಿಡಿಯಬಹುದಿತ್ತು.

ವಿಡಿಯೊ ಪಾಠದ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರೊಫೆಸರುಗಳ ಪಾಠ ಪುಕ್ಕಟೆ ಸಿಗುತ್ತದೆ, ಅವರ ಪಾಠದಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆ ನನ್ನದು. ಊರಿಂದ ಬರುವ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಿದ್ದೆ. ಸ್ಟ್ಯಾಂಡಿನಲ್ಲಿ ಇಳಿಯುವಾಗ ಎಲ್ಲ ತಿಳಿದ ಹಾಗೆ ತಲೆ ಹಗುರ. ರಾತ್ರಿ ಪೆನ್ನು ಹಿಡಿದರೆ ಮೊದಲ ಸಾಲೂ ಮೂಡುತ್ತಿರಲಿಲ್ಲ. ನಾಲ್ಕರಲ್ಲಿ ಹೆಚ್ಚು ಹೊತ್ತು ತಿಂದದ್ದು, ಕಡಿಮೆ ಕೊಟ್ಟದ್ದು ಇದೇ. ಎರಡು ಸಿಗ್ನಲನ್ನು ಬೆರೆಸುವ ಲೆಕ್ಕವಾದ ಕನ್ವಲ್ಯೂಷನ್‌ನಲ್ಲಿ ಒಂದು ಸಿಗ್ನಲನ್ನು ಮಗುಚಿ ಇನ್ನೊಂದರ ಮೇಲೆ ಜರುಗಿಸುವುದು ಮಾತ್ರ ಓಡುವ ಚಿತ್ರದಲ್ಲಿ ನೋಡಿದಷ್ಟು ಚೆಂದ ಬೇರೆಲ್ಲೂ ತಿಳಿಯಲಿಲ್ಲ.

ಸರ್ಕ್ಯುಲರ್ ಕನ್ವಲ್ಯೂಷನ್ ಮಾತ್ರ ವಿಡಿಯೊದಲ್ಲೂ ಹತ್ತಲಿಲ್ಲ. ಹತ್ತಿಸಿದ್ದು ರೂಮ್‌ಮೇಟು, ಅದೇ ಬಸ್ಸಿನಲ್ಲಿ. 1, 2, 3 ಮತ್ತು 1, 1 ಇವುಗಳ ಸಾದಾ ಕನ್ವಲ್ಯೂಷನ್ 1, 3, 5, 3. ನಾಲ್ಕು ಸಂಖ್ಯೆ. ಮೂರೇ ಪಾಯಿಂಟಿನಲ್ಲಿ ಮಾಡು ಅಂದರೆ 4, 3, 5 ಬರುತ್ತದೆ. ಯಾಕೆ ಅಂತ ಕೇಳಿದ್ದಕ್ಕೆ ಅವನು ಎದುರಿನ ಸೀಟು ತೋರಿಸಿದ: "ಸೀಟು ಮೂರು, ಮಂದಿ ನಾಕ. ನಾಕನೇದಾಂವ ಎಲ್ಲಿ ಕುಂಡ್ರಬೇಕು? ಮೊದಲನೇದಾಂವನ ತೊಡಿ ಮ್ಯಾಲ." ಒಂದು, ಮೂರು ಕೂಡಿ ನಾಲ್ಕು. ಅಷ್ಟೇ ವಿಷಯ. ಸೀಟು ನಾಲ್ಕು ಮಾಡಿದರೆ ಎರಡೂ ಉತ್ತರ ಒಂದೇ. ಸೊನ್ನೆ ತುಂಬಿಸುವುದು ಅಂತ ಬೋರ್ಡಿನ ಮೇಲೆ ಬರೆಸುತ್ತಿದ್ದದ್ದು ಇದನ್ನೇ.

ಬ್ಯಾಕ್ ಆದ ಮೇಲೆ ಆಕ್ಟೇವ್ ಹಿಡಿದೆ. ಕಾಲೇಜು ಲ್ಯಾಬಿನಲ್ಲಿ ಲೆಕ್ಕದ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್ ಇತ್ತು, ಆದರೆ ಸಂಜೆ ಬೀಗ. ಆಕ್ಟೇವ್ ಪುಕ್ಕಟೆ, ಮ್ಯಾಟ್‌ಲ್ಯಾಬಿನಲ್ಲಿ ಬರೆದ ನಮ್ಮ ಲ್ಯಾಬ್ ಪ್ರೋಗ್ರಾಮುಗಳು ಬಹುತೇಕ ಹಾಗೇ ಓಡುತ್ತವೆ. ಶುರುವಿನಲ್ಲಿ ಸಿಗ್ನಲ್ ಪ್ಯಾಕೇಜನ್ನು ನಾವೇ ಲೋಡ್ ಮಾಡಬೇಕು. ಅದು ಗೊತ್ತಿಲ್ಲದೆ ಫಂಕ್ಷನ್ನೇ ಇಲ್ಲ ಎನ್ನುವ ಎರರ್ ನೋಡಿಕೊಂಡು ಒಂದು ಸಂಜೆ ಕಳೆದೆ.

ಏನಾದರೂ ನಿಜವಾದ ಶಬ್ದ ಹಿಡಿಯೋಣ ಅಂತ ಮನಸ್ಸಾಯಿತು. ಗೋಳಗುಮ್ಮಟಕ್ಕೆ ಹೋಗಿ ಚಪ್ಪಾಳೆ ರೆಕಾರ್ಡ್ ಮಾಡು ಅಂದರು ಎಲ್ಲರೂ. ಹೋದೆ. ಪ್ರವಾಸಕ್ಕೆ ಬಂದ ಶಾಲೆ ಮಕ್ಕಳ ಕೂಗಿನ ನಡುವೆ ನನ್ನ ಚಪ್ಪಾಳೆ ನನಗೇ ಕೇಳಲಿಲ್ಲ. ಕೊನೆಗೆ ರೂಮಿನ ಪಕ್ಕದ ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ರಾತ್ರಿ ಫೋನ್ ಹಿಡಿದು ನಿಂತೆ, ಅದರ ಗುಂಯ್ ಶಬ್ದಕ್ಕೆ. ಫೋನ್ ಕೊಟ್ಟ ಎಂ4ಎ ಫೈಲನ್ನು ಆಕ್ಟೇವ್ ಓದಲಿಲ್ಲ, ವೇವ್‌ಗೆ ಬದಲಾಯಿಸಬೇಕಾಯಿತು. ಸೆಕೆಂಡಿಗೆ 44,100 ಸ್ಯಾಂಪಲ್. ಸರಿಯಾಗಿ ಒಂದು ಸೆಕೆಂಡಿನ ತುಂಡು ಕತ್ತರಿಸಿದರೆ ಎಫ್‌ಎಫ್‌ಟಿ ಉತ್ತರದ ಒಂದೊಂದು ಬಿನ್ನು (ಮನೆ) ಒಂದೊಂದು ಹರ್ಟ್ಜ್. ಎಫ್‌ಎಫ್‌ಟಿ ಹಾಕಿದೆ. ಕರೆಂಟು 50 ಹರ್ಟ್ಜ್ ಅಲ್ಲವೇ, 50ರಲ್ಲಿ ಗೋಪುರ ಏಳುತ್ತದೆ ಅಂದುಕೊಂಡಿದ್ದೆ. ಎದ್ದದ್ದು 101ರಲ್ಲಿ.

ಇದರಲ್ಲಿ ಎರಡು ಗಂಟು ಇದ್ದವು, ಬಿಡಿಸಲು ಎರಡು ದಿನ ಬೇಕಾಯಿತು. ಆಕ್ಟೇವ್ ಎಣಿಕೆ ಶುರುಮಾಡುವುದು ಒಂದರಿಂದ, ನಮ್ಮ ಸೂತ್ರ ಶುರುವಾಗುವುದು ಸೊನ್ನೆಯಿಂದ. ಹಾಗಾಗಿ 101 ಅಂದರೆ 100 ಹರ್ಟ್ಜ್. ಮತ್ತೆ 100 ಯಾಕೆ? ಟಿಸಿಯೊಳಗಿನ ಕಬ್ಬಿಣದ ಕೋರು ಕಾಂತಶಕ್ತಿಗೆ ಕೂದಲೆಳೆಯಷ್ಟು ಹಿಗ್ಗಿ ಕುಗ್ಗುತ್ತದೆ. ಕರೆಂಟು ಆ ಕಡೆ ಏರಿದಾಗಲೂ ಈ ಕಡೆ ಏರಿದಾಗಲೂ ಅದಕ್ಕೆ ಒಂದೇ. ಒಂದು ಸುತ್ತಿಗೆ ಎರಡು ಸಲ, 50ಕ್ಕೆ 100. ಪೈಥಾನ್‌ನಲ್ಲಿ ಎಣಿಕೆ ಸೊನ್ನೆಯಿಂದಲೇ ಶುರು, ಸೀದಾ 100 ಅಂತ ಬರುತ್ತದೆ. ಈ ಒಂದು ಕಾರಣಕ್ಕೆ, ಹೊಸದಾಗಿ ಕಲಿಯುವವರು ಪೈಥಾನ್ ಹಿಡಿದರೂ ನಾನು ಬೇಡ ಅನ್ನುವುದಿಲ್ಲ. ಲ್ಯಾಬ್ ಪರೀಕ್ಷೆ ಮ್ಯಾಟ್‌ಲ್ಯಾಬ್‌ನಲ್ಲಿದ್ದರೆ ಮಾತ್ರ ಆಕ್ಟೇವೇ ಮೇಲು.

ಅದೇ ಫೈಲಿಗೆ, ಎಫ್‌ಎಫ್‌ಟಿ ಬೇಗ ಮುಗಿಸುವ ಲೆಕ್ಕದ ಮೂಲ ರೂಪವಾದ ಡಿಎಫ್‌ಟಿ ಸೂತ್ರವನ್ನು ನಾನೇ ಎರಡು ಫಾರ್ ಲೂಪ್ ಹಾಕಿ ಬರೆದೆ. ಓಡಲು ಬಿಟ್ಟು ಖಾನಾವಳಿಗೆ ಹೋಗಿ ಎರಡು ರೊಟ್ಟಿ ಊಟ ಮಾಡಿ ಬಂದರೂ ಓಡುತ್ತಲೇ ಇತ್ತು. 44,100ನ್ನು 44,100ರಿಂದ ಗುಣಿಸಿದರೆ 194 ಕೋಟಿ ದಾಟುತ್ತದೆ, ಪಾಪ ಅದೇನು ಮಾಡೀತು. ಎಫ್‌ಎಫ್‌ಟಿ ಕಣ್ಣು ಮಿಟುಕಿಸುವುದರಲ್ಲಿ ಮುಗಿಸಿತ್ತು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಕೊಟ್ಟ ವಿಧಾನದಿಂದ 1024 ಪಾಯಿಂಟಿನ 10,48,576 ಗುಣಾಕಾರ 5,120ಕ್ಕೆ ಇಳಿಯುತ್ತದೆ ಅಂತ ಮೊದಲ ಸಲವೇ ಬಾಯಿಪಾಠ ಮಾಡಿದ್ದೆ. ರೊಟ್ಟಿ ಊಟದಷ್ಟು ಹೊತ್ತು ಕಾಯ್ದ ಮೇಲೆ ಆ ಎರಡು ಸಂಖ್ಯೆ ಮರೆಯಲಿಲ್ಲ.

ಆಕ್ಟೇವಿಗೂ ಒಂದು ಚಟ ಇದೆ. ಬಟನ್ ಒತ್ತಿದರೆ ಚಿತ್ರ ಬರುವುದರಿಂದ ಕೈಲೆಕ್ಕ ಮರೆತೇಹೋಗುತ್ತದೆ. ಪರೀಕ್ಷೆ ಹಾಲಿನಲ್ಲಿ ಸಿಗುವುದು ಕ್ಯಾಲ್ಕುಲೇಟರ್ ಮಾತ್ರ.

ದಪ್ಪ ಪುಸ್ತಕ ಕೊನೆಗೆ. ಮೊದಲ ಸಲ ಲೈಬ್ರರಿಯಿಂದ ತಂದು ದಿಂಬಿನ ಪಕ್ಕ ಇಟ್ಟುಕೊಂಡಿದ್ದೆ, ಹನ್ನೆರಡು ಪುಟ ದಾಟಲಿಲ್ಲ. ಇಂಗ್ಲಿಷಿನ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅದರ ಶುರು ಮರೆತಿರುತ್ತಿತ್ತು. ಎರಡನೇ ಸಲ, ಆಕ್ಟೇವಿನಲ್ಲಿ ಆಡಿ ಬಂದ ಮೇಲೆ, ಅದೇ ಪುಟಗಳು ಓದಿಸಿಕೊಂಡವು. ವಿಂಡೋ ಮೆಥಡ್ ತೆಗೆದುಕೊಳ್ಳಿ, ಬೇಡದ ಫ್ರೀಕ್ವೆನ್ಸಿ ತಡೆಯುವ ಫಿಲ್ಟರ್ ಮಾಡುವ ಒಂದು ವಿಧಾನ. ಯಾವ ವಿಂಡೋ ಬೇಡದ್ದನ್ನು ಎಷ್ಟು ತಗ್ಗಿಸುತ್ತದೆ ಅಂತ ನೋಟ್ಸಿನಲ್ಲಿ ಒಂದು ಟೇಬಲ್ ಇರುತ್ತದೆ: ರೆಕ್ಟಾಂಗ್ಯುಲರ್ 21 ಡೆಸಿಬೆಲ್, ಹ್ಯಾಮಿಂಗ್ 53, ಬ್ಲ್ಯಾಕ್‌ಮನ್ 74. ಫಿಲ್ಟರನ್ನು ಉದ್ದ ಮಾಡಿದರೆ 21 ಸುಧಾರಿಸಬೇಕಲ್ಲ ಅನ್ನುವ ಸಂಶಯಕ್ಕೆ ಟೇಬಲಿನಲ್ಲಿ ಉತ್ತರವಿಲ್ಲ. ಪುಸ್ತಕದಲ್ಲಿತ್ತು: ಉದ್ದ ಎಷ್ಟೇ ಮಾಡಿದರೂ ಅಂಚಿನ ಅಲೆ ಒತ್ತೊತ್ತಾಗಿ ಸರಿಯುತ್ತದೆ, ಎತ್ತರ ಮಾತ್ರ ತಗ್ಗುವುದಿಲ್ಲ. 21 ಟ್ಯಾಪಿನ (ಟ್ಯಾಪು ಅಂದರೆ ಫಿಲ್ಟರಿನ ಉದ್ದದ ಲೆಕ್ಕ) ಫಿಲ್ಟರಿಗೂ 201 ಟ್ಯಾಪಿನದಕ್ಕೂ ಚಿತ್ರ ತೆಗೆದು ಒಂದರ ಮೇಲೊಂದು ಇಟ್ಟು ನೋಡಿದೆ. ಹೌದು, ಎತ್ತರ ಅಷ್ಟೇ.

ಹಾಗಾಗಿ ಯಾರಾದರೂ ಕೇಳಿದರೆ ನಾನು ಹೇಳುವ ಕ್ರಮ ಇದು: ನಾಲ್ಕು ಪಾಯಿಂಟಿನ ಲೆಕ್ಕ ಕೈಯಲ್ಲಿ, ಆಮೇಲೆ ಆಕ್ಟೇವ್, ಆಮೇಲೆ ಸಂಶಯ ಬಂದ ಪುಟಕ್ಕಷ್ಟೇ ಪುಸ್ತಕ, ಪರೀಕ್ಷೆಗೆ ಮೂರು ವಾರ ಇರುವಾಗ ನೋಟ್ಸು. ನಾನು ಓದಿದಾಗಿನ ಸಿಲಬಸ್ಸಿನ ಕೊನೇ ಮಾಡ್ಯೂಲು, ಡಿಎಸ್‌ಪಿ ಪ್ರೊಸೆಸರಿನ ಒಳರಚನೆ, ಬರೀ ಬಾಯಿಪಾಠ. ಅದಕ್ಕೆ ನೋಟ್ಸು ಬಿಟ್ಟು ಬೇರೇನೂ ತೆರೆಯಬೇಡಿ.

ಮೊನ್ನೆ ಒಬ್ಬ ಜೂನಿಯರ್ ನನ್ನ ಹಳೇ ಕಟ್ಟನ್ನು ಒಯ್ದು ಜೆರಾಕ್ಸ್ ಮಾಡಿಸಿಕೊಂಡ. ಕೊಡುವ ಮೊದಲು ಮೈನಸ್ ಚಿಹ್ನೆಗಳ ಮೇಲೆಲ್ಲ ಕರಿ ಪೆನ್ನಿನಿಂದ ದಪ್ಪಗೆ ತಿದ್ದಿ ಕೊಟ್ಟಿದ್ದೇನೆ.