ನಾಯಿಯ ಡಿಎನ್‌ಎ ಕಿಟ್: ಬೇರೆಲ್ಲದಕ್ಕೂ ಸರಿ, ಸೊಂಟಕ್ಕೆ ನಂಬಬೇಡಿ

5ಕ್ಕೆ 3 ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ನನ್ನ ಮೊದಲ ನಾಯಿ ರಾಜ, ಜರ್ಮನ್ ಶೆಫರ್ಡ್. ಮರಿಯಾಗಿದ್ದಾಗ ಎರಡೂ ಹಿಂಗಾಲು ಜೋಡಿಸಿ ಮೊಲದ ಹಾಗೆ ಕುಪ್ಪಳಿಸಿ ಓಡುತ್ತಿದ್ದ. ನಾವೆಲ್ಲ ಎಷ್ಟು ಮುದ್ದು ಅಂತ ನೋಡುತ್ತಾ ಕೂತೆವು. ಅದು ಹಿಪ್ ಡಿಸ್ಪ್ಲೇಸಿಯಾದ, ಅಂದರೆ ಸೊಂಟದ ಕೀಲು ಸರಿಯಾಗಿ ಕೂರದೆ ಸಡಿಲವಾಗಿ ಬೆಳೆಯುವ ಕಾಯಿಲೆಯ ಲಕ್ಷಣ ಅಂತ ಗೊತ್ತಾಗುವಷ್ಟರಲ್ಲಿ ಅವನಿಗೆ ಆರು ವರ್ಷ, ಕೀಲು ಪೂರ್ತಿ ಸವೆದಿತ್ತು. ಕೊನೆ ಕೊನೆಗೆ ಏಳಬೇಕಾದರೆ ಮುಂಗಾಲು ಊರಿ ಇಡೀ ಮೈಯನ್ನು ಎಳೆದುಕೊಳ್ಳುತ್ತಿದ್ದ.

ಹಾಗಾಗಿ ಲ್ಯಾಬ್ರಡಾರ್ ಮರಿ ಕೆಂಚಿ ಮನೆಗೆ ಬಂದಾಗ ಕಾಯಲಿಲ್ಲ. ಹತ್ತನೇ ವಾರಕ್ಕೇ ಈ ಕಿಟ್ ತರಿಸಿದೆ. ಡಬ್ಬದ ಮೇಲೆ ಸೊಂಟದ ಕೀಲಿನ ಚಿತ್ರ ಇತ್ತು. ನಾನು ಕೊಂಡಿದ್ದೇ ಆ ಚಿತ್ರ ನೋಡಿ.

ಬಳಸೋದು ಸುಲಭ. ಅರ್ಧ ಗಂಟೆ ಮರಿಗೆ ತಿನ್ನೋಕೆ ಏನೂ ಕೊಡಬಾರದು. ಆಮೇಲೆ ಕಡ್ಡಿಯ ಬ್ರಷ್ ತುದಿಯನ್ನು ಕೆನ್ನೆಯ ಒಳಗೆ, ವಸಡಿನ ಪಕ್ಕ, ಮೂವತ್ತು ಸೆಕೆಂಡ್ ತಿರುಗಿಸಬೇಕು. ಮೊದಲನೇ ಕಡ್ಡಿಯನ್ನು ಕೆಂಚಿ ಕಚ್ಚಿ ಮುರಿದಳು. ಎರಡನೆಯದು ಇಟ್ಟಿದ್ದಾರೆ, ಪುಣ್ಯ. ಮೂರು ವಾರದಲ್ಲಿ ವರದಿ ಬಂತು.

ವರದಿಯ ಒಳ್ಳೆಯ ಭಾಗ ಮೊದಲು ಹೇಳುತ್ತೇನೆ. ಲ್ಯಾಬ್ರಡಾರ್‌ಗಳಿಗೆ ಬರುವ ಇಐಸಿ ಅಂತ ಒಂದು ಕಾಯಿಲೆ ಇದೆ. ಜೋರಾಗಿ ಆಡಿದ ಮೇಲೆ ಹಿಂಗಾಲು ಸೋತು ಕುಸಿದುಬಿಡುತ್ತವೆ. ಅದಕ್ಕೆ ಒಂದೇ ಜೀನ್ ಕಾರಣ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ತೊಂದರೆ. ಕೆಂಚಿಗೆ ಒಂದೇ ಪ್ರತಿ ಬಂದಿದೆ, ಅವಳಿಗೆ ಕಾಯಿಲೆ ಬರಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಕಣ್ಣು ಕುರುಡಾಗಿಸುವ ಪಿಆರ್‌ಎ ಬಗ್ಗೆಯೂ ಹಾಗೇ. ಇಂಥ ಪ್ರಶ್ನೆಗೆ ಈ ಕಿಟ್‌ನ ಉತ್ತರ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಬ್ರೀಡರ್‌ಗೆ ಅವತ್ತೇ ಫೋನ್ ಮಾಡಿ ಹೇಳಿದೆ.

ಇನ್ನು ಸೊಂಟದ ಪುಟ. ಹಸಿರು ಬಣ್ಣದ ದೊಡ್ಡ ಗುರುತು, ಕೆಳಗೆ ‘ಅಪಾಯ ಕಡಿಮೆ’. ಅಷ್ಟೇ. ಯಾವ ಆಧಾರದ ಮೇಲೆ, ಎಷ್ಟು ಖಚಿತ, ಒಂದು ಸಾಲೂ ಇಲ್ಲ. ಓದಿದಾಗ ನನಗೆ ಅಳುವೇ ಬಂತು, ಅಷ್ಟು ಸಮಾಧಾನ ಆಯಿತು.

ಲಸಿಕೆಗೆ ಹೋದಾಗ ಡಾಕ್ಟರಿಗೆ ತೋರಿಸಿದೆ. ಅವರು ವರದಿಯನ್ನು ಪಕ್ಕಕ್ಕಿಟ್ಟು ಹೇಳಿದರು: ‘ನೋಡಿ, ಸೊಂಟದ ಕಾಯಿಲೆ ಇಐಸಿ ಥರ ಒಂದು ಜೀನ್‌ನ ವಿಷಯ ಅಲ್ಲ. ಎಷ್ಟೋ ಜೀನ್‌ಗಳು ಸೇರಿರುತ್ತವೆ, ಒಂದೊಂದರ ಪಾಲೂ ಚೂರು ಚೂರು. ಹದಿನಾರು ವಾರ ತುಂಬಲಿ, ಎಕ್ಸ್‌ರೇ ತೆಗೆಯೋಣ.’

ತೆಗೆದದ್ದು ಪೆನ್‌ಹಿಪ್ ವಿಧಾನದಲ್ಲಿ. 1980ರ ದಶಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗೇಲ್ ಸ್ಮಿತ್ ಇದನ್ನು ರೂಪಿಸಿದರು. ಮಾಮೂಲಿ ಎಕ್ಸ್‌ರೇಯಲ್ಲಿ ಕಾಲನ್ನು ಉದ್ದಕ್ಕೆ ಚಾಚಿಸುತ್ತಾರೆ, ಆಗ ಕೀಲಿನ ಚೀಲ ಬಿಗಿಯಾಗುತ್ತದೆ, ಕೀಲು ಸಡಿಲ ಇರೋದು ಮರೆಯಾಗಬಹುದು. ಇಲ್ಲಿ ಮರಿಯನ್ನು ಮಲಗಿಸಿ, ತೊಡೆಮೂಳೆಯ ಗುಂಡು ತಲೆ ಗುಳಿಯಿಂದ ಎಷ್ಟು ಹೊರಗೆ ಸರಿಯುತ್ತದೆ ಅಂತ ಅಳೆಯುತ್ತಾರೆ. 0 ಅಂದರೆ ಪೂರ್ತಿ ಬಿಗಿ, 1ರ ಹತ್ತಿರ ಹೋದರೆ ಕೀಲು ಹೆಚ್ಚುಕಡಿಮೆ ತಪ್ಪಿದ ಹಾಗೆ. 0.3ರ ಒಳಗಿದ್ದರೆ ಚಿಂತೆ ಇಲ್ಲ. ಎಕ್ಸ್‌ರೇಗೆ ಮುಂಚೆ, ಮತ್ತಿನಲ್ಲಿದ್ದ ಕೆಂಚಿಯ ಮಂಡಿ ಹಿಡಿದು ಡಾಕ್ಟರು ಮೆಲ್ಲಗೆ ಒತ್ತಿ ಹೊರಗೆ ತಿರುಗಿಸಿದರು. ನನ್ನ ಬೆರಳನ್ನು ಅವಳ ಸೊಂಟದ ಮೇಲೆ ಇಡಿಸಿದ್ದರು. ಒಳಗೆ ‘ಟಕ್’ ಅಂತ ಏನೋ ವಾಪಸ್ ಕೂತಿತು. ಸದ್ದು ಕೇಳಿಸಲಿಲ್ಲ, ಬೆರಳಿಗೆ ಗೊತ್ತಾಯಿತು. ಎಕ್ಸ್‌ರೇಯಲ್ಲಿ ಬಂದ ಅಳತೆ ಎಡಕ್ಕೆ 0.58, ಬಲಕ್ಕೆ 0.51.

ಹಸಿರು ಪುಟ ನಂಬಿ ಸುಮ್ನೆ ಕೂತಿದ್ದರೆ? ಇಂಥ ಮರಿಗಳಿಗೆ ಒಂದು ಸಣ್ಣ ಆಪರೇಷನ್ ಇದೆ. ಸೊಂಟದ ಮೂಳೆಯ ಎರಡು ಭಾಗ ಕೆಳಗೆ ಸೇರುವ ಕಡೆ ಶಾಖ ಕೊಟ್ಟು ಬೆಳವಣಿಗೆ ನಿಲ್ಲಿಸುತ್ತಾರೆ. ಮರಿ ಬೆಳೆದ ಹಾಗೆ ಗುಳಿ ತಿರುಗಿ ಗುಂಡನ್ನು ಚೆನ್ನಾಗಿ ಮುಚ್ಚಿಕೊಳ್ಳುತ್ತದೆ. ಆದರೆ ಇಪ್ಪತ್ತು ವಾರ ದಾಟಿದರೆ ಪ್ರಯೋಜನ ಅಷ್ಟಕ್ಕಷ್ಟೇ. ಕೆಂಚಿಗೆ ಹದಿನೆಂಟನೇ ವಾರದಲ್ಲಿ ಮಾಡಿಸಿದೆವು. ಜೊತೆಗೆ ಮರಿ ಆಗದ ಹಾಗೆಯೂ ಮಾಡಿಸಿದೆವು. ಅವಳ ಸೊಂಟ ಆಮೇಲೆ ನೋಡೋಕೆ ಚೆನ್ನಾಗಿ ಕಂಡರೂ ಜೀನ್ ಬದಲಾಗಲ್ಲ ಅಲ್ವಾ.

ತಪ್ಪು ವಿಜ್ಞಾನದ್ದಲ್ಲ, ಡಬ್ಬದ ಮೇಲಿನ ಚಿತ್ರದ್ದು, ವರದಿಯ ಮಾತಿನದು. ಈ ಕಾಯಿಲೆಯನ್ನು 1930ರ ದಶಕದಲ್ಲೇ ಗುರುತಿಸಿದ್ದಾರೆ. 2005ರಲ್ಲಿ ಟಾಶಾ ಅನ್ನೋ ಬಾಕ್ಸರ್ ನಾಯಿಯ ಇಡೀ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ ಪಟ್ಟಿ, ಪ್ರಕಟವಾದ ಮೇಲೆ ಇದರ ಜೀನ್‌ಗಳ ಹುಡುಕಾಟ ಜೋರಾಯಿತು. ನಾಯಿಗಿರುವ 39 ಜೊತೆ ಕ್ರೋಮೋಸೋಮ್‌ಗಳಲ್ಲಿ ಹಲವು ಜಾಗಗಳು ಸಿಕ್ಕಿವೆ. ಆದರೆ ಒಂದು ತಳಿಯಲ್ಲಿ ಸಿಕ್ಕಿದ್ದು ಇನ್ನೊಂದರಲ್ಲಿ ಅನೇಕ ಸಲ ನಿಲ್ಲಲ್ಲ. ಸಾಲದ್ದಕ್ಕೆ ಎಲ್ಲವೂ ಜೀನ್ ಅಲ್ಲ. 48 ಲ್ಯಾಬ್ರಡಾರ್‌ಗಳನ್ನು ಬದುಕಿಡೀ ಗಮನಿಸಿದ ಒಂದು ಅಧ್ಯಯನ ಇದೆ. ಒಡಹುಟ್ಟಿದವರನ್ನೇ ಜೋಡಿ ಮಾಡಿ, ಒಂದಕ್ಕೆ ಕಾಲುಭಾಗ ಕಡಿಮೆ ಊಟ ಕೊಟ್ಟರು. ಕಡಿಮೆ ತಿಂದವುಗಳ ಸೊಂಟದ ಸವೆತ ವರ್ಷಗಟ್ಟಲೆ ತಡವಾಯಿತು. ಅವು ಹೆಚ್ಚು ಕಾಲ ಬದುಕಿದವು ಕೂಡ: ಅರ್ಧದಷ್ಟು ನಾಯಿಗಳು ದಾಟಿದ ವಯಸ್ಸು 11.2ರ ಬದಲು 13 ವರ್ಷ. ನಾನು ಈಗ ಕೆಂಚಿಯ ಊಟವನ್ನು ತಕ್ಕಡಿಯಲ್ಲಿ ತೂಗಿ ಹಾಕುತ್ತೇನೆ.

ಕೆಂಚಿಯ ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ಎರಡೂ ಚೆನ್ನಾಗಿದ್ದವು. ಆದರೂ ಹೀಗಾಯಿತು. ಚಿಕ್ಕಪ್ಪ, ಅಜ್ಜಿ, ಒಡಹುಟ್ಟಿದವರು ಎಲ್ಲರ ಎಕ್ಸ್‌ರೇ ಸೇರಿಸಿ ಲೆಕ್ಕ ಹಾಕಿದರೆ ಅಂದಾಜು ತುಂಬಾ ಗಟ್ಟಿಯಾಗುತ್ತದೆ. ನಾಯಿ ತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನಲ್ ಕ್ಲಬ್ ಇಂಥ ಲೆಕ್ಕದ ಅಂಕಗಳನ್ನು ಕೆಲವು ತಳಿಗಳಿಗೆ ಕೊಡುತ್ತಿದೆ. ಅದಕ್ಕೆ ಡಿಎನ್‌ಎಯನ್ನೂ ಸೇರಿಸಬೇಕಾದರೆ ಎಕ್ಸ್‌ರೇ ಮತ್ತು ಡಿಎನ್‌ಎ ಎರಡೂ ಇರುವ ಸಾವಿರಾರು ನಾಯಿಗಳು ಬೇಕು.

ನನಗೆ ಅತಿ ಬೇಜಾರಾಗಿದ್ದು ಇಲ್ಲೇ. ಈ ಕಂಪನಿಯ ಹತ್ತಿರ ಡಿಎನ್‌ಎ ಇದೆ. ಕೆಂಚಿಯ ಬಣ್ಣ ಏನು, ಎಲ್ಲಿ ಮಲಗುತ್ತಾಳೆ, ಗೊರಕೆ ಹೊಡೀತಾಳಾ ಅಂತ ನಲವತ್ತು ಪ್ರಶ್ನೆ ಕೇಳಿದ್ದಾರೆ. ಸೊಂಟದ ಎಕ್ಸ್‌ರೇ ಹಾಕೋಕೆ ಮಾತ್ರ ಎಲ್ಲೂ ಜಾಗ ಇಲ್ಲ. ನಾನೇ ಎರಡೂ ಫಿಲ್ಮ್‌ನ ಫೋಟೋ, ಅಳತೆ ಎಲ್ಲ ಈಮೇಲ್ ಮಾಡಿದ್ದೇನೆ. ‘ಸೂಕ್ತ ವಿಭಾಗಕ್ಕೆ ಕಳಿಸಿದ್ದೇವೆ’ ಅಂತ ಉತ್ತರ ಬಂದಿದೆ. ಆ ಹಸಿರು ಗುರುತು ತೆಗೆದು, ಎಕ್ಸ್‌ರೇಗೆ ಜಾಗ ಕೊಟ್ಟ ದಿನ ಇಲ್ಲಿಗೆ ಬಂದು ಇನ್ನೊಂದು ಸ್ಟಾರ್ ಸೇರಿಸುತ್ತೇನೆ.